ಫಜ್ಲುರ್ ಖಾನ್ ಅವರನ್ನು ನೆನೆದು

ಎತ್ತರದ ಕಟ್ಟಡ ಕಂಡರೆ ಜನ ಮಾಲೀಕರ ಹೆಸರು ಕೇಳುತ್ತಾರೆ, ಆರ್ಕಿಟೆಕ್ಟ್ ಹೆಸರು ಕೇಳುತ್ತಾರೆ. ಅದು ಗಾಳಿಗೆ ಬೀಳದ ಹಾಗೆ ಲೆಕ್ಕ ಹಾಕಿದವರು ಯಾರು ಅಂತ ಕೇಳುವವರು ಕಡಿಮೆ. ಸ್ಟ್ರಕ್ಚರಲ್ ಎಂಜಿನಿಯರ್ ಆದ ನನಗೆ ಇದು ಹಳೆಯ ನೋವು. ಅದಕ್ಕೇ ಇವತ್ತು ಫಜ್ಲುರ್ ರೆಹಮಾನ್ ಖಾನ್ ಬಗ್ಗೆ ಬರೆಯುತ್ತಿದ್ದೇನೆ.

ಹುಟ್ಟಿದ್ದು 1929ರಲ್ಲಿ, ಢಾಕಾದಲ್ಲಿ. 1952ರಲ್ಲಿ ಸ್ಕಾಲರ್‌ಶಿಪ್ ಸಿಕ್ಕಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಹೋದರು. ಮೂರೇ ವರ್ಷದಲ್ಲಿ ಎರಡು ಮಾಸ್ಟರ್ಸ್, ಒಂದು ಪಿಎಚ್‌ಡಿ. ಆಮೇಲೆ ಶಿಕಾಗೋದಲ್ಲಿ ಕೆಲಸ.

ಕಟ್ಟಡ ಮೇಲೆ ಹೋದಷ್ಟೂ ಗಾಳಿಯ ಕಾಟ ಜಾಸ್ತಿ. ಅದನ್ನು ತಡೆಯಲು ಉಕ್ಕು ಸುರಿಯುತ್ತಲೇ ಹೋಗಬೇಕಿತ್ತು. ಖಾನ್ ಆ ಬಲವನ್ನು ಹೊರಗೋಡೆಗೆ ತಂದರು. ಅಂಚಿನಲ್ಲಿ ಕಂಬಗಳನ್ನು ಹತ್ತಿರ ಹತ್ತಿರ ನಿಲ್ಲಿಸಿ ತೊಲೆಗಳಿಂದ ಬಿಗಿದರೆ ಇಡೀ ಕಟ್ಟಡ ಒಂದು ಕೊಳವೆಯಾಗಿ ನಿಲ್ಲುತ್ತದೆ. ನಮ್ಮ ಬಿದಿರು ನೋಡಿ. ಒಳಗೆ ಟೊಳ್ಳು, ಆದರೂ ಗಾಳಿಗೆ ಸುಲಭಕ್ಕೆ ಮುರಿಯುವುದಿಲ್ಲ, ಅಲ್ವಾ? ಎಂಪೈರ್ ಸ್ಟೇಟ್ ಕಟ್ಟಡಕ್ಕೆ ಚದರ ಮೀಟರಿಗೆ ಸುಮಾರು 206 ಕೆಜಿ ಉಕ್ಕು ಹಿಡಿದಿತ್ತು. ಖಾನ್ ಅವರ 100 ಮಹಡಿಯ ಜಾನ್ ಹ್ಯಾನ್‌ಕಾಕ್ ಸೆಂಟರ್‌ಗೆ ಸಾಕಾಗಿದ್ದು ಸುಮಾರು 145 ಕೆಜಿ. ಆಮೇಲೆ ಅಂಥ ಒಂಬತ್ತು ಕೊಳವೆಗಳನ್ನು ಒಟ್ಟಿಗೆ ಕಟ್ಟಿ ಶಿಕಾಗೋದಲ್ಲಿ ಸಿಯರ್ಸ್ ಟವರ್ (ಈಗಿನ ವಿಲ್ಲಿಸ್ ಟವರ್) ಎಬ್ಬಿಸಿದರು. 442 ಮೀಟರ್. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಜಗತ್ತಿನಲ್ಲೇ ಅದಕ್ಕಿಂತ ಎತ್ತರದ ಕಟ್ಟಡ ಇರಲಿಲ್ಲ.

ಇಷ್ಟಾಗಿಯೂ ನನ್ನನ್ನು ಜಾಸ್ತಿ ಕಾಡುವುದು ಮನುಷ್ಯ ಖಾನ್. ಎಂಜಿನಿಯರ್ ತನ್ನ ತಂತ್ರಜ್ಞಾನದೊಳಗೇ ಮುಳುಗಿಹೋಗಬಾರದು, ಬದುಕು ಅಂದರೆ ಕಲೆ, ನಾಟಕ, ಸಂಗೀತ, ಎಲ್ಲಕ್ಕಿಂತ ಹೆಚ್ಚಾಗಿ ಜನ ಅನ್ನುತ್ತಿದ್ದರು. ಸುಮ್ನೆ ಹೇಳಿದ ಮಾತಲ್ಲ. ರವೀಂದ್ರ ಸಂಗೀತ ಅಂದರೆ ಪ್ರಾಣ, ತಾವೇ ಹಾಡುತ್ತಿದ್ದರು. 1971ರಲ್ಲಿ ಹುಟ್ಟಿದ ನಾಡು ಹೊತ್ತಿ ಉರಿಯುವಾಗ ಶಿಕಾಗೋದ ಬಂಗಾಳಿಗಳನ್ನು ಸೇರಿಸಿ ನೆರವಿನ ಸಂಘ ಕಟ್ಟಿದರು. ಸಿಯರ್ಸ್ ಟವರ್ ಮೇಲೇಳುತ್ತಿದ್ದ ಸಮಯ ಅದು!

ಮಗಳು ಯಾಸ್ಮಿನ್ ಕೂಡ ಸ್ಟ್ರಕ್ಚರಲ್ ಎಂಜಿನಿಯರ್ ಆದರು, ಅಪ್ಪನ ಕೆಲಸದ ಬಗ್ಗೆ ಪುಸ್ತಕ ಬರೆದರು. ಅಪ್ಪ ಮನೆಯಲ್ಲಿ ಬರೀ ದಣಿದ ಮುಖ ಆಗಿದ್ದರೆ ಮಗಳಿಗೆ ಆ ಕೆಲಸದ ಮೇಲೆ ಅಷ್ಟು ಪ್ರೀತಿ ಹುಟ್ಟುತ್ತಿತ್ತಾ? ನನಗಂತೂ ಅನ್ನಿಸುವುದಿಲ್ಲ. ಸ್ಲ್ಯಾಬ್ ಹಾಕುವ ದಿನ ಅಂತ ನನ್ನ ಮಗಳ ಸ್ಕೂಲ್ ಡೇಗೆ ಎರಡು ಸಲ ಹೋಗಲಿಲ್ಲ. ಅವಳು ಏನೂ ಅನ್ನಲಿಲ್ಲ. ಅದೇ ಇನ್ನೂ ಚುಚ್ಚುತ್ತದೆ.

1982ರ ಮಾರ್ಚ್ 27ರಂದು ಜೆಡ್ಡಾದಲ್ಲಿ ಹೃದಯಾಘಾತವಾಗಿ ಖಾನ್ ಹೋಗಿಬಿಟ್ಟರು. ಬರೀ 52 ವರ್ಷ. ಹಜ್ ಯಾತ್ರಿಗಳಿಗೆ ನೆರಳಾಗಲಿ ಅಂತ ಅದೇ ಊರಿನ ವಿಮಾನ ನಿಲ್ದಾಣಕ್ಕೆ ಡೇರೆಯಂಥ ಬಟ್ಟೆಯ ಚಾವಣಿ ರೂಪಿಸಿದ್ದರು. ಮಣ್ಣಾಗಿದ್ದು ಶಿಕಾಗೋದಲ್ಲಿ.

ತಮ್ಮನ ಮನೆಗೆಂದು ಶಿಕಾಗೋಗೆ ಹೋಗಿದ್ದಾಗ ಸಿಯರ್ಸ್ ಟವರ್ ಹತ್ತಿರ ಖಾನ್ ಹೆಸರಿನ ಬೀದಿ ಫಲಕ ಹುಡುಕಿಕೊಂಡು ಹೋದೆ. ಅದರ ಕೆಳಗೆ ನಿಂತೇ ಮಗಳಿಗೆ ಫೋನ್ ಮಾಡಿದೆ. ಬೆಂಗಳೂರಿನಲ್ಲಿ ಆಗ ರಾತ್ರಿ. ‘ಏನಪ್ಪಾ, ಇಷ್ಟು ಹೊತ್ತಲ್ಲಿ?’ ಅಂದಳು. ತುಂಬ ಹೊತ್ತು ಮಾತಾಡಿದೆವು.