ಪಾಲಿಹೌಸ್ ನೀರಿಗೆ ಓಝೋನ್: ಅಳತೆ ನಮ್ಮ ಕೈಗೆ ಸಿಗುತ್ತದೆಯೇ?

ಪರ: ಅಳೆದು ಕೊಟ್ಟರೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ

ದೊಡ್ಡಬಳ್ಳಾಪುರದ ಕಡೆ ಅರ್ಧ ಎಕರೆ ಪಾಲಿಹೌಸಿನಲ್ಲಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಚೀಲಗಳ ಮೇಲೆ ದಪ್ಪ ಮೆಣಸಿನಕಾಯಿ ಬೆಳೆಯುತ್ತೇನೆ. ಕೊಟ್ಟ ಗೊಬ್ಬರದ ನೀರಿನಲ್ಲಿ ಸುಮಾರು ಕಾಲುಭಾಗ ಚೀಲದಡಿ ಬಸಿದುಹೋಗುತ್ತದೆ. ಸಾವಿರ ಅಡಿ ಕೊರೆಸಿ ಎತ್ತಿದ ನೀರು ಅದು, ಚೆಲ್ಲಲು ಹೊಟ್ಟೆ ಉರಿಯುತ್ತದೆ. ಹಾಗೇ ಹಿಡಿದು ಮತ್ತೆ ಬಿಟ್ಟರೋ, ಒಂದು ಗಿಡದ ಬೇರುಕೊಳೆ ಸಾಲಿಗೆ ಸಾಲನ್ನೇ ಮಲಗಿಸುತ್ತದೆ.

ಮೊದಲು ಕ್ಲೋರಿನ್ ಬಳಸುತ್ತಿದ್ದೆ. ನಮ್ಮ ಬೋರ್ ನೀರಿನ ಪಿಎಚ್ 8ರ ಆಸುಪಾಸು. ಆ ಮಟ್ಟದಲ್ಲಿ ರೋಗಾಣುವನ್ನು ಚೆನ್ನಾಗಿ ಕೊಲ್ಲುವ ಹೈಪೋಕ್ಲೋರಸ್ ಆಮ್ಲದ ರೂಪದಲ್ಲಿರುವುದು ಹಾಕಿದ ಕ್ಲೋರಿನ್ನಿನ ಕಾಲುಭಾಗ ಮಾತ್ರ. ಹೆಚ್ಚು ಸುರಿದರೆ ಸುತ್ತಿ ಸುತ್ತಿ ಬರುವ ನೀರಿನಲ್ಲಿ ಕ್ಲೋರೈಡ್ ಏರುತ್ತಲೇ ಹೋಗುತ್ತದೆ. ಅದಕ್ಕೇ ಓಝೋನ್ ಅನಿಲಕ್ಕೆ ಬಂದೆ. ಅದು ಕ್ಲೋರಿನ್‌ಗಿಂತ ಬಲವಾದ ಆಕ್ಸಿಡೀಕಾರಕ. ಕೆಲಸ ಮುಗಿದ ಮೇಲೆ ಒಡೆದು ಆಮ್ಲಜನಕವಾಗುತ್ತದೆ, ನೀರಿಗೆ ಉಪ್ಪು ಸೇರಿಸುವುದಿಲ್ಲ.

ಹಾಲೆಂಡಿನ ಗಾಜಿನಮನೆಗಳಲ್ಲಿ ಇದು ಹಳೆಯ ಪದ್ಧತಿ. 2018ರ ಜನವರಿಯಿಂದ ಅಲ್ಲಿನ ಬೆಳೆಗಾರರು ಹೊರಬಿಡುವ ನೀರಿನಿಂದ ಕೀಟನಾಶಕದ ಕನಿಷ್ಠ 95 ಶೇಕಡ ತೆಗೆಯಲೇಬೇಕು. ಅದಕ್ಕೆ ಬಳಸುವ ದಾರಿಗಳಲ್ಲಿ ಓಝೋನ್ ಕೂಡ ಒಂದು.

ಎಡವುವುದು ಅಳತೆಯಲ್ಲಿ. ಓಝೋನ್ ಯಂತ್ರದ ಮೇಲೆ ಬರೆದ ಗ್ರಾಂ ಲೆಕ್ಕ, ಅದು ಎಷ್ಟು ಅನಿಲ ತಯಾರಿಸುತ್ತದೆ ಎಂಬುದನ್ನಷ್ಟೇ ಹೇಳುತ್ತದೆ. ನೀರಿನಲ್ಲಿ ಎಷ್ಟು ಕರಗಿತು, ಪಾಚಿ-ಲೋಳೆ ಎಷ್ಟು ತಿಂದವು, ಉಳಿದದ್ದೆಷ್ಟು ಎಂಬುದನ್ನು ನಾವೇ ನೋಡಬೇಕು. ನಾನು ದಿನಾ ಬೆಳಿಗ್ಗೆ ಓಝೋನ್ ನೀರಿಗೆ ಬೆರೆಯುವ ಸಂಪರ್ಕ ಟ್ಯಾಂಕಿನ ನಲ್ಲಿಯ ಬಳಿಯೇ ನಿಂತು ಇಂಡಿಗೊ ಪರೀಕ್ಷೆ ಮಾಡುತ್ತೇನೆ. ಪುಟ್ಟ ಸೀಸೆಯಲ್ಲಿರುವ ನೀಲಿ ದ್ರಾವಣಕ್ಕೆ ನೀರು ಬಿದ್ದ ಕೂಡಲೇ ಬಣ್ಣ ಮಾಸುತ್ತದೆ. ಎಷ್ಟು ಮಾಸಿತೋ ಅಷ್ಟು ಓಝೋನ್. ಮಾದರಿ ಹಿಡಿದುಕೊಂಡು ಮನೆಯವರೆಗೆ ನಡೆದು ಹೋದರೆ ದಾರಿಯಲ್ಲೇ ಅರ್ಧ ಇಲ್ಲವಾಗಿರುತ್ತದೆ. ದಿನವಿಡೀ ಯಂತ್ರವನ್ನು ಏರಿಸಿ ಇಳಿಸಲು ಓಆರ್‌ಪಿ ಮೀಟರ್ (ನೀರಿನ ಆಕ್ಸಿಡೀಕರಣ ಶಕ್ತಿಯನ್ನು ಮಿಲಿವೋಲ್ಟಿನಲ್ಲಿ ತೋರಿಸುವುದು) ಇದೆ. 700 ಮಿಲಿವೋಲ್ಟ್ ದಾಟಿದರೆ ಯಂತ್ರ ತಾನೇ ನಿಲ್ಲುತ್ತದೆ. ಆದರೆ ಆ 700 ಅನ್ನು ಕ್ಯಾಟಲಾಗ್ ನೋಡಿ ಇಟ್ಟದ್ದಲ್ಲ, ನಮ್ಮ ನೀರಿಗೆ ಇಂಡಿಗೊ ಸೀಸೆಯ ಜೊತೆ ತಾಳೆ ನೋಡಿ ಇಟ್ಟದ್ದು.

ವಿರೋಧ: ಅಳೆಯುವವರು ಯಾರು?

ಕೋಲಾರ, ಚಿಂತಾಮಣಿ ಸುತ್ತ ಡ್ರಿಪ್ ಮತ್ತು ಗೊಬ್ಬರ ಕೊಡುವ ಘಟಕಗಳನ್ನು ರಿಪೇರಿ ಮಾಡುವವನು ನಾನು. ಮೇಲೆ ಬರೆದ ರೈತರಂತೆ ದಿನಾ ಸೀಸೆ ಹಿಡಿಯುವವರು ಇದ್ದರೆ ನನ್ನ ತಕರಾರಿಲ್ಲ. ನಾನು ಹೋದ ಕಡೆಯೆಲ್ಲ ಕಂಡದ್ದು ಬೇರೆ. ಒಂದು ತೋಟದಲ್ಲಿ ಓಆರ್‌ಪಿ ಪರದೆ ಬೆಳಿಗ್ಗೆಯೂ 710, ಸಂಜೆಯೂ 710. ನೀರಿನಲ್ಲಿ ಮುಳುಗಿಸಿದ್ದ ಮೀಟರಿನ ಪ್ರೋಬನ್ನು ಹೊರಗೆಳೆದೆ, ತುದಿಯ ಪ್ಲಾಟಿನಂ ಕಾಣದಷ್ಟು ಕಂದು ಲೋಳೆ ಮೆತ್ತಿತ್ತು. ಇಂಡಿಗೊ ಪೆಟ್ಟಿಗೆಯ ಸೀಲು ಕೂಡ ಒಡೆದಿರಲಿಲ್ಲ. ಆ ಮನೆಯವರು ಆರು ತಿಂಗಳು ಆ ಅಂಕಿಯನ್ನೇ ನಂಬಿ ನೀರು ಬಿಟ್ಟಿದ್ದರು.

ಪ್ರೋಬ್ ಶುಭ್ರವಾಗಿದ್ದರೂ ಓಆರ್‌ಪಿ ಓಝೋನನ್ನು ಅಳೆಯುವುದಿಲ್ಲ. ನೀರಿನ ಒಟ್ಟು ಆಕ್ಸಿಡೀಕರಣದ ಒತ್ತಡವನ್ನು ಹೇಳುತ್ತದೆ, ಪಿಎಚ್ ಬದಲಾದರೆ ಅದೂ ಬದಲಾಗುತ್ತದೆ. ಕರಗಿದ ಓಝೋನನ್ನೇ ನೇರವಾಗಿ ಅಳೆಯುವ ಪೊರೆಯ ಸೆನ್ಸರ್ ಇದೆ, ಆದರೆ ದುಬಾರಿ, ಪೊರೆಯನ್ನೂ ಆಗಾಗ ಬದಲಿಸಬೇಕು. 20 ಡಿಗ್ರಿಯ ಶುದ್ಧ ನೀರಿನಲ್ಲಿ ಓಝೋನ್ ಅರ್ಧಕ್ಕಿಳಿಯಲು ಸುಮಾರು 20 ನಿಮಿಷ. ನಮ್ಮ ಏಪ್ರಿಲ್ ತಿಂಗಳ ಬಿಸಿ ನೀರಿನಲ್ಲಿ ಅದು ಕರಗುವುದೂ ಕಡಿಮೆ, ಸಾಯುವುದೂ ಬೇಗ. ನಡುವೆ ಕರೆಂಟು ಹೋಗಿ ಬಂದರೆ ಟ್ಯಾಂಕಿನ ಲೆಕ್ಕವೆಲ್ಲ ಮೊದಲಿನಿಂದ.

ಇನ್ನೊಂದು ನಷ್ಟ ತಡವಾಗಿ ಕಾಣುತ್ತದೆ. ಬಸಿದ ನೀರಿನಲ್ಲಿ ಕೀಲೇಟ್ ರೂಪದ (ಕರಗಿಯೇ ಉಳಿಯುವಂತೆ ಹಿಡಿದಿಟ್ಟ) ಕಬ್ಬಿಣವಿರುತ್ತದಲ್ಲ, ಓಝೋನ್ ಆ ಕೀಲೇಟನ್ನೇ ಒಡೆಯುತ್ತದೆ. ಕಬ್ಬಿಣ ತುಕ್ಕಾಗಿ ತಳಕ್ಕಿಳಿದು ಡ್ರಿಪ್ಪರ್ ಕಟ್ಟುತ್ತದೆ, ಗಿಡದ ಚಿಗುರೆಲೆ ಹಳದಿಯಾಗುತ್ತದೆ. ರೋಗವೆಂದುಕೊಂಡು ಔಷಧಿ ಹೊಡೆದವರನ್ನು ನೋಡಿದ್ದೇನೆ.

ಬಸಿದ ನೀರಿಗೆ ನಿಧಾನ ಮರಳು ಸೋಸುಗ ಕಟ್ಟಿಕೊಳ್ಳಿ ಎನ್ನುತ್ತೇನೆ. ಚದರ ಮೀಟರಿಗೆ ಗಂಟೆಗೆ 100ರಿಂದ 300 ಲೀಟರ್ ಇಳಿದರೆ ಸಾಕು. ಪಿಥಿಯಂ, ಫೈಟಾಫ್ತೊರಾಗಳಂಥ ಬೇರು ಕೊಳೆಸುವ ರೋಗಾಣುಗಳನ್ನು ಅದು ಚೆನ್ನಾಗಿ ತಡೆಯುತ್ತದೆ. ಫ್ಯುಸೇರಿಯಂ ಶಿಲೀಂಧ್ರ ಮತ್ತು ವೈರಸ್‌ಗಳಲ್ಲಿ ಒಂದಷ್ಟು ನುಸುಳುತ್ತವೆ, ಒಪ್ಪುತ್ತೇನೆ. ಚಾವಣಿಯ ಮಳೆನೀರನ್ನು ಕೃಷಿ ಹೊಂಡಕ್ಕೆ ಇಳಿಸಿಕೊಂಡರೆ ಉಪ್ಪಿನ ಚಿಂತೆಯೂ ತಗ್ಗುತ್ತದೆ.

ನನಗೆ ನಿದ್ದೆಗೆಡಿಸುವುದು ಗಾಳಿಯ ಅಳತೆ. ಕೆಲಸದ ಜಾಗದ ಗಾಳಿಯಲ್ಲಿ ಓಝೋನ್ ಎಂಟು ಗಂಟೆಯ ಸರಾಸರಿಯಲ್ಲಿ 0.1 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಗೆ 0.1 ಭಾಗ) ಮೀರಬಾರದು ಎನ್ನುತ್ತಾರೆ. ಓಝೋನ್ ಗಾಳಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಭಾರ, ತಗ್ಗಿನ ಪಂಪ್ ಮನೆಯಲ್ಲಿ ನೆಲಕ್ಕೆ ಇಳಿದು ಕೂರುತ್ತದೆ. ಅದರ ಘಾಟು ಮೊದಲು ಮೂಗಿಗೆ ಹೊಡೆಯುತ್ತದೆ, ಸ್ವಲ್ಪ ಹೊತ್ತಿಗೆ ಮೂಗು ಒಗ್ಗಿಬಿಡುತ್ತದೆ, ಅಪಾಯ ಉಳಿದೇ ಇರುತ್ತದೆ. ಉಳಿದ ಅನಿಲವನ್ನು ನಾಶಮಾಡುವ ಡಬ್ಬಿಯಾಗಲಿ ಗೋಡೆಯ ಅಲಾರಮ್ಮಾಗಲಿ ಇಲ್ಲದೆ ಓಡುತ್ತಿರುವ ಘಟಕಗಳು ನನಗೆ ಸಿಕ್ಕಿವೆ. ಕೂಲಿಗೆ ಬಂದ ಹೆಂಗಸರು ನೆರಳಿದೆಯೆಂದು ಮಧ್ಯಾಹ್ನದ ಬುತ್ತಿ ಬಿಚ್ಚುವುದು ಅದೇ ಪಂಪ್ ಮನೆಯೊಳಗೆ. ಯಂತ್ರ ಈಗಾಗಲೇ ಹಾಕಿಸಿದವರು ದಯವಿಟ್ಟು ನಾಳೆಯೇ ಅವರಿಗೆ ಊಟಕ್ಕೆ ಬೇರೆ ಜಾಗ ಮಾಡಿಕೊಡಿ.