ಮನಸ್ಸಿಗೆ ಬಿದ್ದ ಪೆಟ್ಟನ್ನು ಬಾಯಿಬಿಟ್ಟು ಹೇಳಿಸಬೇಕೇ?

ಪರ: ಹೇಳಿಸಲೇಬೇಕು

"ಪಿಟ್ಸ್ ಬರುತ್ತೆ" ಅಂತ ಆಸ್ಪತ್ರೆಗೆ ಬರುವ ಎಲ್ಲರಿಗೂ ಮೂರ್ಛೆರೋಗ ಇರುವುದಿಲ್ಲ. ಕೆಲವರಿಗೆ ಬರುವುದು ಡಿಸೋಸಿಯೇಟಿವ್ ಅಟ್ಯಾಕ್. ತಡೆದುಕೊಳ್ಳಲಾರದಷ್ಟು ದೊಡ್ಡ ಪೆಟ್ಟು ಬಿದ್ದಾಗ ನೆನಪು, ಭಾವನೆ, ಮೈಮೇಲಿನ ಹಿಡಿತ ಎಲ್ಲ ಒಂದರಿಂದ ಒಂದು ಕಳಚಿಕೊಳ್ಳುತ್ತವೆ. ಫ್ರಾನ್ಸಿನ ಮನಶ್ಶಾಸ್ತ್ರಜ್ಞ ಪಿಯರ್ ಜಾನೆ 1889ರಲ್ಲೇ ಇದನ್ನು ವಿವರವಾಗಿ ಬರೆದಿದ್ದರು. ಇಂಥ ಅಟ್ಯಾಕ್‌ನಲ್ಲಿ ಹೆಚ್ಚಾಗಿ ಕಣ್ಣು ಬಿಗಿಯಾಗಿ ಮುಚ್ಚಿರುತ್ತದೆ, ತಲೆ ಆಚೀಚೆ ಹೊರಳುತ್ತದೆ, ಬಹಳ ಹೊತ್ತು ನಡೆಯುತ್ತದೆ. ಅದೇ ಹೊತ್ತಿಗೆ ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆ ದಾಖಲಿಸುವ ಪರೀಕ್ಷೆ) ತೆಗೆದರೆ ಮೂರ್ಛೆರೋಗದ ಗುರುತು ಕಾಣುವುದಿಲ್ಲ. ರಿಪೋರ್ಟ್ ನಾರ್ಮಲ್ ಅಂದ ಕೂಡಲೇ ಸುತ್ತಲಿನವರ ತೀರ್ಪು ಸಿದ್ಧ: "ನಾಟಕ ಆಡ್ತಾಳೆ." ಈ ಮಾತು ಕೇಳಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಬೇಕಂತ ಯಾರೂ ಹಾಗೆ ಬೀಳುವುದಿಲ್ಲ.

ಆಪ್ತಸಮಾಲೋಚಕಿಯಾಗಿ ನಾನು ನೋಡಿದ ಒಬ್ಬ ಪಿಯುಸಿ ಹುಡುಗಿಯ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಹಾಸ್ಟೆಲ್‌ನಲ್ಲಿ ಸಂಜೆ ಹೊತ್ತು ಬಿದ್ದುಬಿಡುತ್ತಿದ್ದಳು. ಮೂರ್ಛೆರೋಗದ ಮಾತ್ರೆ ವರ್ಷಗಟ್ಟಲೆ ನುಂಗಿದ್ದಳು. ತೋಳಿಗೊಂದು ತಾಯತ, ಕುತ್ತಿಗೆಗೊಂದು. ಅಪ್ಪ ಇಲ್ಲ. ಏನಾಯ್ತು ಅಂತ ಕೇಳಿದೆ. ಅಮ್ಮ ಮಗಳನ್ನು ಹೊರಗೆ ಕಳಿಸಿ, "ಆ ವಿಷ್ಯ ಮಾತ್ರ ಎತ್ತಬೇಡಿ ಮೇಡಂ, ಅವ್ಳಿಗೆ ಎಲ್ಲಾ ಮರ್ತೋಗಿದೆ" ಅಂದರು. ಬೈಕಿಗೆ ಲಾರಿ ಗುದ್ದಿತ್ತು. ಹಿಂದಿನ ಸೀಟಿನಲ್ಲಿ ಇವಳೇ ಕೂತಿದ್ದಳು. ಆಮೇಲೆ ಮನೆಯಲ್ಲಿ ಯಾರೂ ಅಪ್ಪನ ಹೆಸರೆತ್ತಲಿಲ್ಲ. ಗೋಡೆಯ ಮೇಲಿದ್ದ ಫೋಟೋ ಕೂಡ ಬೀರು ಸೇರಿತ್ತು. ಪ್ರೀತಿಯಿಂದಲೇ ಹಾಗೆ ಮಾಡಿದ್ದರು, ಅನುಮಾನವಿಲ್ಲ.

ಆದರೆ ಅವಳ ಮೈ ಮರೆತಿರಲಿಲ್ಲ. ಹಾಸ್ಟೆಲ್ ಇದ್ದದ್ದು ಹೆದ್ದಾರಿ ಪಕ್ಕ. ಹಂಪ್ ಹತ್ತಿರ ಲಾರಿಗಳು ಬ್ರೇಕ್ ಹಾಕಿದಾಗ ಗಾಳಿ ಬಿಡುವ 'ಉಸ್' ಅನ್ನುವ ಸದ್ದು ಬರುತ್ತದಲ್ಲ, ಆ ಸದ್ದಿನ ಹಿಂದೆಯೇ ಅವಳಿಗೆ ಅಟ್ಯಾಕ್ ಬರುತ್ತಿತ್ತು.

ಶುರುವಿನಲ್ಲಿ ನಾವು ಅಪಘಾತದ ಮಾತೇ ಆಡಲಿಲ್ಲ. ಅಟ್ಯಾಕ್‌ಗೆ ಮುಂಚೆ ಕೈ ಜುಮ್ಮೆನ್ನುತ್ತದೆ, ಎದುರಿಗಿದ್ದವರ ಮಾತು ಎಲ್ಲೋ ದೂರದಿಂದ ಕೇಳಿದಂತಾಗುತ್ತದೆ ಅಂತ ಅವಳೇ ಗುರುತಿಸಿದಳು. ಆಗ ಅಂಗಾಲನ್ನು ನೆಲಕ್ಕೆ ಒತ್ತುವುದು, ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರು ಹೇಳುವುದು, ತಣ್ಣೀರಿನಲ್ಲಿ ಕೈ ಅದ್ದುವುದು. ಇದೆಲ್ಲ ರೂಢಿಯಾದ ಮೇಲೆ ಒಂದು ದಿನ ಅವಳಾಗಿಯೇ ಬಾಯಿಬಿಟ್ಟಳು. "ಅಪ್ಪನ ಒಂದು ಚಪ್ಪಲಿ ರೋಡ್ ಮಧ್ಯ ಬಿದ್ದಿತ್ತು. ಜನ ಎಲ್ಲಾ ದಾಟ್ಕೊಂಡು ಹೋದ್ರು. ಯಾರೂ ಎತ್ಲಿಲ್ಲ. ನಾನೂ ಎತ್ಲಿಲ್ಲ." ಅಷ್ಟೇ ಹೇಳಿದ್ದು. ಸಾವಿಗಿಂತ ಜಾಸ್ತಿ ಆ ಚಪ್ಪಲಿ ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು. ಹೆತ್ತ ತಾಯಿಗೇ ಇದು ಗೊತ್ತಿರಲಿಲ್ಲ. ಹೇಗೆ ಗೊತ್ತಾಗಬೇಕು? ಯಾರೂ ಕೇಳಿರಲಿಲ್ಲವಲ್ಲ!

ಆಮೇಲೆ ಆ ದಿನವನ್ನು ಮೊದಲಿಂದ ಕೊನೆತನಕ ಹೇಳಿದಳು, ಮತ್ತೆ ಮತ್ತೆ ಹೇಳಿದಳು. ನರರೋಗ ತಜ್ಞರು ಮಾತ್ರೆಗಳನ್ನು ಸ್ವಲ್ಪಸ್ವಲ್ಪವೇ ಇಳಿಸಿ ನಿಲ್ಲಿಸಿದರು. ಅಟ್ಯಾಕ್ ಪೂರ್ತಿ ಹೋಯಿತು ಅಂತ ಹೇಳಲಾರೆ. ಅಪರೂಪಕ್ಕೆ ಬರುತ್ತದೆ, ಬಂದರೂ ಬೇಗ ಎಚ್ಚರವಾಗುತ್ತಾಳೆ. ಅಪ್ಪನ ಫೋಟೋ ಮತ್ತೆ ಗೋಡೆಗೆ ಬಂದಿದೆ.

ಇದು ಬರೀ ನನ್ನ ನಂಬಿಕೆಯಲ್ಲ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11, ಪಿಟಿಎಸ್‌ಡಿಗೆ, ಅಂದರೆ ದೊಡ್ಡ ಆಘಾತದ ನಂತರ ಮನಸ್ಸಿನಲ್ಲಿ ಉಳಿದುಬಿಡುವ ಕಾಯಿಲೆಗೆ, ಮೂರು ಮುಖ್ಯ ಲಕ್ಷಣ ಹೇಳುತ್ತದೆ. ನಡೆದದ್ದು ಈಗಲೇ ಮತ್ತೆ ನಡೆಯುತ್ತಿದೆ ಅನ್ನಿಸುವುದು, ಅದನ್ನು ನೆನಪಿಸುವ ಎಲ್ಲದರಿಂದ ತಪ್ಪಿಸಿಕೊಳ್ಳುವುದು, ಸದಾ ಅಪಾಯ ಕಾದಿದೆ ಅನ್ನುವ ದಿಗಿಲು. ತಪ್ಪಿಸಿಕೊಳ್ಳುವುದೇ ಕಾಯಿಲೆಯ ಲಕ್ಷಣವಾಗಿರುವಾಗ ಮನೆಮಂದಿಯೆಲ್ಲ ಸೇರಿ ಅದಕ್ಕೆ ಒತ್ತಾಸೆ ಕೊಟ್ಟರೆ ಹೇಗೆ? ಮನಶ್ಶಾಸ್ತ್ರಜ್ಞೆ ಎಡ್ನಾ ಫೋವಾ ರೂಪಿಸಿದ ಪ್ರೊಲಾಂಗ್ಡ್ ಎಕ್ಸ್‌ಪೋಶರ್ ಚಿಕಿತ್ಸೆ ನಿಂತಿರುವುದೇ ಹೇಳಿಸುವುದರ ಮೇಲೆ. ಸಾಮಾನ್ಯವಾಗಿ 90 ನಿಮಿಷದ 8ರಿಂದ 15 ಭೇಟಿಗಳು. ಪಿಟಿಎಸ್‌ಡಿಗೆ ಅತಿ ಹೆಚ್ಚು ಪರೀಕ್ಷೆಗೆ ಒಳಗಾಗಿ ಗೆದ್ದ ಚಿಕಿತ್ಸೆಗಳಲ್ಲಿ ಇದೂ ಒಂದು.

ಬೇಡ ಅನ್ನುವವರ ವಾದ ಎಷ್ಟೇ ಉದ್ದವಿದ್ದರೂ ಕೊನೆಗೆ ಒಂದೇ ಮಾತು: ಆದದ್ದಾಯ್ತು, ಬಿಟ್ಟಾಕಿ. ಕೀವು ತುಂಬಿದ ಗಾಯಕ್ಕೆ ಬಟ್ಟೆ ಸುತ್ತಿ ವಾಸಿಯಾಯ್ತು ಅಂದಹಾಗೆ. ಬಲವಂತ ಮಾಡಿದರೆ ಕೆಡುಕಾಗುತ್ತದೆ ಅಂತಲೂ ಹೇಳುತ್ತಾರೆ. ಬಲವಂತ ಮಾಡಿ ಅಂದವರು ಯಾರು? ಆ ಹುಡುಗಿಯನ್ನು ಇನ್ನೂ ನಾಲ್ಕು ವರ್ಷ ಹಾಗೇ ಬಿಟ್ಟಿದ್ದರೆ ಇನ್ನೂ ನಾಲ್ಕು ತಾಯತ ಬರುತ್ತಿದ್ದವು, ಅಷ್ಟೇ.

ವಿರೋಧ: ಎಲ್ಲರಿಂದಲೂ ಬೇಡ

ಈ ಪಕ್ಷದಲ್ಲಿ ಬರೆಯಿರಿ ಅಂತ ಕೇಳಿದರು, ಒಪ್ಪಿಕೊಂಡೆ. ತಾವಾಗಿ ಹೇಳಲು ಬಂದವರ ಬಾಯಿ ಮುಚ್ಚಿಸಬೇಕು ಅಂತ ನಾನೂ ಹೇಳುವುದಿಲ್ಲ. ಹೇಳಲು ಮನಸ್ಸಿಲ್ಲದವರ ಬೆನ್ನು ಹತ್ತುವುದು ತಪ್ಪು, ಅಷ್ಟೇ ನನ್ನ ವಾದ.

1983ರಲ್ಲಿ ಅಮೆರಿಕದ ಜೆಫ್ರಿ ಮಿಚೆಲ್ 'ಡಿಬ್ರೀಫಿಂಗ್' ಅನ್ನುವ ಪದ್ಧತಿ ತಂದರು. ದುರಂತ ನಡೆದ ಕೆಲವೇ ದಿನಗಳಲ್ಲಿ ಕೂರಿಸಿ, ಕಂಡದ್ದು, ಅನ್ನಿಸಿದ್ದು ಎಲ್ಲ ಹೇಳಿಸುವುದು. ಒಳ್ಳೆಯದೇ ಆಗುತ್ತದೆ ಅಂತ ಎಲ್ಲರೂ ನಂಬಿದ್ದರು. 1997ರಲ್ಲಿ ಬ್ರಿಟನ್‌ನಲ್ಲಿ ಸುಟ್ಟಗಾಯವಾದವರ ಮೇಲೆ ನಡೆದ ಅಧ್ಯಯನದ ಫಲಿತಾಂಶ ಬಂತು. 13 ತಿಂಗಳ ನಂತರ ನೋಡಿದರೆ, ಹೇಳಿಸಿದವರಲ್ಲಿ ನೂರಕ್ಕೆ 26 ಮಂದಿಗೆ ಪಿಟಿಎಸ್‌ಡಿ ಇತ್ತು. ಸುಮ್ನೆ ಬಿಟ್ಟವರಲ್ಲಿ ನೂರಕ್ಕೆ 9. ವಿಶ್ವ ಆರೋಗ್ಯ ಸಂಸ್ಥೆಯೇ 2013ರಲ್ಲಿ ಡಿಬ್ರೀಫಿಂಗ್ ಬೇಡ ಅಂತ ಸಲಹೆ ಕೊಟ್ಟಿತು.

ನೆನಪಿನ ಮಾತೂ ಇದೆ. ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ 1995ರಲ್ಲಿ 24 ಮಂದಿಗೆ, ಚಿಕ್ಕವರಿದ್ದಾಗ ನೀವು ಮಾಲ್‌ನಲ್ಲಿ ಕಳೆದುಹೋಗಿದ್ದಿರಿ ಅನ್ನುವ ಕಟ್ಟುಕತೆಯನ್ನು ನಿಜಘಟನೆಗಳ ಜೊತೆ ಸೇರಿಸಿ ಕೊಟ್ಟರು. ಆರು ಮಂದಿ ಪೂರ್ತಿಯಾಗಿಯೋ ಸ್ವಲ್ಪವೋ ಅದನ್ನು ನೆನಪಿಸಿಕೊಂಡರು. ಕೆದಕಿ ಕೆದಕಿ ಕೇಳಿದರೆ ಇಲ್ಲದ್ದೂ ನೆನಪಾಗಬಹುದು ಅಂತಾಯಿತು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ನಮ್ಮ ಪೋಕ್ಸೊ ಕಾಯ್ದೆಯ 33(5)ನೇ ಸೆಕ್ಷನ್ ಮಗುವನ್ನು ಸಾಕ್ಷಿ ಹೇಳಲು ಕೋರ್ಟಿಗೆ ಪದೇಪದೇ ಕರೆಯಕೂಡದು ಅನ್ನುತ್ತದೆ. ಇದು ಸರಿಯಾದ ಕಾನೂನು.

ಚಿಕಿತ್ಸೆಯಲ್ಲಿ ಹೇಳಿಸುವುದರಿಂದ ಗುಣವಾಗುತ್ತದೆ ಅನ್ನುತ್ತಾರೆ. ಇರಬಹುದು. ಆದರೆ ಒಬ್ಬರಿಗೆ 90 ನಿಮಿಷ ಕೊಡುವವರು ನಮ್ಮ ತಾಲ್ಲೂಕುಗಳಲ್ಲಿ ಎಲ್ಲಿದ್ದಾರೆ? ದೇಶದಲ್ಲಿ ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಇಲ್ಲ. ತರಬೇತಿ ಇಲ್ಲದವರೇ ಈ ಕೆಲಸಕ್ಕೆ ಕೈಹಾಕುತ್ತಾರೆ.

ನಮ್ಮಣ್ಣ ಕೆರೆಯಲ್ಲಿ ಮುಳುಗಿ ತೀರಿಕೊಂಡಾಗ ಬಂದವರೆಲ್ಲ ಅತ್ತಿಗೆ ಪಕ್ಕ ಕೂತು "ಹೆಂಗಾಯ್ತಮ್ಮಾ?" ಅಂದರು. ಪ್ರತಿ ಸಲ ಮೊದಲಿಂದ ಹೇಳಬೇಕು. ಹೇಳುತ್ತಾ ಹೇಳುತ್ತಾ ಅವರಿಗೆ ನಿದ್ದೆಯೇ ಹೋಯಿತು. ತಂಗಿ ಬಂದು ತವರಿಗೆ ಕರೆದುಕೊಂಡು ಹೋದಳು. ಅಲ್ಲಿ ಯಾರೂ ಏನೂ ಕೇಳಲಿಲ್ಲ. ಹೊತ್ತಿಗೆ ಊಟ ಹಾಕಿದರು, ರಾತ್ರಿ ಜೊತೆಗೆ ಮಲಗಿದರು. ಅತ್ತಿಗೆ ಇವತ್ತಿಗೂ ಕೆರೆ ಏರಿ ಮೇಲೆ ಹೋಗುವುದಿಲ್ಲ. ಹೋಗಲೇಬೇಕು ಅಂತ ನಮಗೂ ಅನ್ನಿಸಿಲ್ಲ.

ಶುರುವಿನ ದಿನಗಳಲ್ಲಿ ಬೇಕಾಗಿರುವುದು ಇಷ್ಟೇ: ಜಾಗ ಸುರಕ್ಷಿತವಾಗಿರಬೇಕು, ಊಟ ನಿದ್ದೆ ಆಗಬೇಕು, ಮನೆಯವರು ಹತ್ತಿರ ಇರಬೇಕು. ಹೆಚ್ಚಿನವರು ಇಷ್ಟರಿಂದಲೇ ಚೇತರಿಸಿಕೊಳ್ಳುತ್ತಾರೆ. ತಿಂಗಳು ಕಳೆದರೂ ಬೆಚ್ಚಿಬೀಳುವುದು, ಮೈಮರೆವು ನಿಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಏನು ಹೇಳಬೇಕು, ಎಷ್ಟು ಹೇಳಬೇಕು ಅನ್ನುವುದನ್ನು ಫೋನ್ ಹಿಡಿದವರೇ ತೀರ್ಮಾನಿಸಲಿ.