‘ಬರೀ ಎಕ್ಸರ್‌ಸೈಜಾ?’

ನಾನು ಫಿಸಿಯೋಥೆರಪಿಸ್ಟ್. ಈ ಕೆಲಸಕ್ಕೆ ಬಂದು 17 ವರ್ಷ ಆಯಿತು. ಇಷ್ಟು ವರ್ಷಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕೇಳಿದ ಪ್ರಶ್ನೆ ಒಂದೇ. ‘ಬರೀ ಎಕ್ಸರ್‌ಸೈಜಾ? ಮಷಿನ್ ಇಡಲ್ವಾ?’

ಆ ‘ಬರೀ’ ಅನ್ನೋ ಪದದ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ಕೇಳುವವರ ಮೇಲೆ ನನಗೆ ಬೇಸರ ಇಲ್ಲ. ನೋವು ತಡೆಯಲಾರದೆ ಬಂದಿರುತ್ತಾರೆ. ಮಲಗಿಸಿ, ಪ್ಯಾಡ್ ಅಂಟಿಸಿ, ಕರೆಂಟ್ ಕೊಟ್ಟರೆ ಏನೋ ಚಿಕಿತ್ಸೆ ನಡೀತಿದೆ ಅನ್ನಿಸುತ್ತದೆ. ಅದೇ ‘ಕುರ್ಚಿಯಿಂದ ಎದ್ದು ನಿಲ್ಲಿ, ಮತ್ತೆ ಕೂತುಕೊಳ್ಳಿ’ ಅಂದರೆ, ಇಷ್ಟಕ್ಕೆ ಇಲ್ಲಿವರೆಗೆ ಬರಬೇಕಿತ್ತಾ ಅನ್ನಿಸುತ್ತದೆ. ಹಾಗೆ ಅನ್ನಿಸುವಂತೆ ಮಾಡಿದವರು ನಾವೇ. 20 ನಿಮಿಷ ಮಷಿನ್‌ಗೆ ಕೊಡುತ್ತೇವೆ. ಆಮೇಲೆ ಬಾಗಿಲ ಹತ್ತಿರ ಒಂದು ಚೀಟಿ ಕೈಗಿಟ್ಟು ‘ಇದನ್ನ ಬೆಳಿಗ್ಗೆ ಸಂಜೆ ಹತ್ತತ್ತು ಸಲ ಮಾಡಿ’ ಅಂತ ಕಳಿಸುತ್ತೇವೆ. ಇದರಲ್ಲಿ ಯಾವುದು ಮುಖ್ಯ ಅಂತ ಅವರು ತಿಳಿದುಕೊಳ್ಳಬೇಕು ಹೇಳಿ?

ನನ್ನ ಮಟ್ಟಿಗೆ ವ್ಯಾಯಾಮವೇ ಔಷಧಿ. ಶಾಖ, ಕರೆಂಟ್, ಕೈಯಿಂದ ಮಾಡುವ ಚಿಕಿತ್ಸೆ ಎಲ್ಲ ನೋವನ್ನು ಸ್ವಲ್ಪ ಹೊತ್ತು ತಗ್ಗಿಸಿ, ಆ ಔಷಧಿ ಒಳಗೆ ಹೋಗಲು ದಾರಿ ಮಾಡಿಕೊಡುತ್ತವೆ. ಔಷಧಿ ಅಂದ ಮೇಲೆ ಡೋಸ್ ಇರಲೇಬೇಕು, ಅಲ್ವಾ? ಬಿಪಿ ಮಾತ್ರೆ ಬರೆದುಕೊಡುವ ಡಾಕ್ಟರು ‘ಒಂದಷ್ಟು ತಗೊಳ್ಳಿ’ ಅನ್ನುವುದಿಲ್ಲ. ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಮತ್ತೆ ಯಾವಾಗ ಬಂದು ತೋರಿಸಬೇಕು ಅಂತ ಹೇಳುತ್ತಾರೆ. ವ್ಯಾಯಾಮಕ್ಕೂ ಅಷ್ಟೇ ಲೆಕ್ಕ ಬೇಕು.

ಈ ಲೆಕ್ಕವನ್ನು ಮೊದಲು ಸರಿಯಾಗಿ ಹಾಕಿಕೊಟ್ಟವರಲ್ಲಿ ಥಾಮಸ್ ಡಿಲೋರ್ಮ್ ಒಬ್ಬರು. ಅಮೆರಿಕದ ಸೇನಾ ವೈದ್ಯ. ಎರಡನೇ ಮಹಾಯುದ್ಧದ ಗಾಯಾಳುಗಳಿಂದ ಆಸ್ಪತ್ರೆಗಳು ತುಂಬಿದ್ದ ಕಾಲ ಅದು. ಕಾಲು ಮುರಿದು, ತಿಂಗಳುಗಟ್ಟಲೆ ಮಲಗಿ, ತೊಡೆ ಸೊರಗಿಹೋದ ಹುಡುಗರು. ಹಗುರವಾದ ಭಾರವನ್ನು ತುಂಬಾ ಸಲ ಎತ್ತಿಸುವುದು ಆಗಿನ ರೂಢಿ. ಡಿಲೋರ್ಮ್ ಚಿಕ್ಕ ವಯಸ್ಸಿನಲ್ಲಿ ರುಮ್ಯಾಟಿಕ್ ಜ್ವರ ಬಂದು ಮಲಗಿದ್ದವರು, ಆಮೇಲೆ ಭಾರ ಎತ್ತುತ್ತಾ ಮೈ ಗಟ್ಟಿ ಮಾಡಿಕೊಂಡವರು. ಸೈನಿಕರಿಗೂ ಅದನ್ನೇ ಮಾಡಿಸಿದರು. ಒಬ್ಬ ವ್ಯಕ್ತಿ ಸರಿಯಾಗಿ ಹತ್ತು ಸಲ ಎತ್ತಬಲ್ಲ, ಹನ್ನೊಂದನೇ ಸಲಕ್ಕೆ ಆಗುವುದಿಲ್ಲ ಅನ್ನುವಂಥ ಭಾರ ಎಷ್ಟು ಅಂತ ಹುಡುಕಿದರು. ಅದನ್ನೇ ಅಳತೆಯಾಗಿ ಇಟ್ಟುಕೊಂಡು, ಬಲ ಬಂದ ಹಾಗೆ ಭಾರ ಏರಿಸಿದರು. 1945ರಲ್ಲಿ ಅದನ್ನು ಪ್ರಕಟಿಸಿದರು. ನಾವು ಇವತ್ತು ‘ಮೂರು ಸೆಟ್, ಹತ್ತು ಸಲ’ ಅಂತ ಬಾಯಿಪಾಠ ಒಪ್ಪಿಸುತ್ತೇವಲ್ಲ, ಅದರ ಬೇರು ಇಲ್ಲಿದೆ. ಆದರೆ ಹತ್ತನ್ನು ಮಾತ್ರ ಉಳಿಸಿಕೊಂಡೆವು. ಹನ್ನೊಂದನೆಯದು ಆಗಬಾರದು ಅನ್ನುವುದನ್ನು ಬಿಟ್ಟೆವು. ಏರಿಸಬೇಕು ಅನ್ನುವುದನ್ನೂ ಬಿಟ್ಟೆವು. ಒಂದು ವರ್ಷದ ಹಿಂದೆ ಕೊಟ್ಟ ಚೀಟಿಯನ್ನೇ ಇವತ್ತಿಗೂ ಹಾಗೇ ಮಾಡುತ್ತಿರುವವರು ನನ್ನ ಹತ್ತಿರ ಬರುತ್ತಾರೆ. ‘ಬಿಡದೆ ಮಾಡಿದೀನಿ, ಏನೂ ಉಪಯೋಗ ಆಗ್ಲಿಲ್ಲ’ ಅನ್ನುತ್ತಾರೆ. ನಿಜವೇ ಹೇಳುತ್ತಾರೆ. ಡೋಸ್ ಸಾಲದ ಔಷಧಿ ಎಷ್ಟು ದಿನ ತಗೊಂಡರೂ ಅಷ್ಟೇ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದು. ಸೊಂಟದ ಕೀಲಿನ ಹತ್ತಿರ ಮೂಳೆ ಮುರಿದು ಆಪರೇಷನ್ ಆಗಿದ್ದ ಹಿರಿಯರೊಬ್ಬರನ್ನು ನನಗೆ ಒಪ್ಪಿಸಿದ್ದರು. ಸರ್ಜನ್ ‘ಭಾರ ಹಾಕಿ ನಡೆಸಬಹುದು’ ಅಂತ ಬರೆದೇ ಇದ್ದರು. ನನಗೆ ಭಯ. ಬಿದ್ದುಬಿಟ್ಟರೆ? ಹಾಗಾಗಿ ಹಾಸಿಗೆಯ ಮೇಲೇ ಪಾದ ಆಡಿಸಿ, ಮಂಡಿ ಮಡಿಸಿ ಅಂತ ದಿನ ದೂಡಿದೆ. ವಾಕರ್ ಹಿಡಿಸಿ ನಾಲ್ಕು ಹೆಜ್ಜೆ, ಮತ್ತೆ ಹಾಸಿಗೆ. ಅವರು ಪಾಪ, ಹೇಳಿದ್ದಷ್ಟನ್ನೂ ಮಾಡಿದರು. ಒಂದೂವರೆ ತಿಂಗಳಾದ ಮೇಲೆ ನೋಡಿದರೆ ಎಕ್ಸ್‌ರೇಯಲ್ಲಿ ಮೂಳೆ ಚೆನ್ನಾಗಿ ಕೂಡಿತ್ತು. ಕಾಲು ಮಾತ್ರ ಕಡ್ಡಿಯಾಗಿತ್ತು. ಕುರ್ಚಿಯಿಂದ ಏಳಲು ಮಗ ಹಿಡಿದುಕೊಳ್ಳಬೇಕಾಯಿತು. ಅವರು ಮತ್ತೆ ಒಬ್ಬರೇ ಹೊರಗೆ ಹೋಗಿ ಬಂದದ್ದನ್ನು ನಾನು ನೋಡಲಿಲ್ಲ. ನನ್ನ ಭಯವನ್ನು ಅವರ ಕಾಲಿಗೆ ಇಳಿಸಿಬಿಟ್ಟಿದ್ದೆ. ಡೋಸ್ ಜಾಸ್ತಿ ಆದರೆ ಅಪಾಯ ಅಂತ ಎಲ್ಲರೂ ನಮಗೆ ಹೇಳಿಕೊಟ್ಟಿದ್ದರು. ಕಮ್ಮಿ ಆದರೂ ಅಪಾಯ ಅಂತ ಹೇಳಿಕೊಟ್ಟದ್ದು ಆ ಹಿರಿಯರು.

ರೆಸ್ಟ್ ಅನ್ನುವುದು ಸುಮ್ನೆ ಸಿಗುವ ಸುಖ ಅಂತ ನಾವು ಅಂದುಕೊಂಡಿದ್ದೇವೆ. ಅದಕ್ಕೂ ಬೆಲೆ ಇದೆ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20 ವರ್ಷದ ಐದು ಜನ ಆರೋಗ್ಯವಂತ ಹುಡುಗರನ್ನು ಸುಮಾರು ಮೂರು ವಾರ ಹಾಸಿಗೆ ಬಿಟ್ಟು ಏಳದಂತೆ ಮಲಗಿಸಿ ಪರೀಕ್ಷೆ ಮಾಡಿದರು. ಮೂವತ್ತು ವರ್ಷ ಬಿಟ್ಟು ಅದೇ ಐವರನ್ನು ಹುಡುಕಿ ಮತ್ತೆ ಪರೀಕ್ಷಿಸಿದರು. ಮೂವತ್ತು ವರ್ಷ ವಯಸ್ಸಾದದ್ದರಿಂದ ಕಳೆದುಕೊಂಡ ದಮ್ಮಿಗಿಂತ, ಅಂದು ಮೂರು ವಾರ ಮಲಗಿ ಕಳೆದುಕೊಂಡದ್ದೇ ಹೆಚ್ಚಾಗಿತ್ತು. ಇದನ್ನು ಮೊದಲ ಸಲ ಓದಿದಾಗ ಪುಟ ಮುಚ್ಚಿಟ್ಟು ಆ ಹಿರಿಯರನ್ನು ನೆನೆಸಿಕೊಂಡೆ. ಆದರೆ ಕಥೆಯ ಇನ್ನೊಂದು ಭಾಗವೂ ಇದೆ. 50 ದಾಟಿದ್ದ ಆ ಐವರಿಗೆ ಆರು ತಿಂಗಳು ತರಬೇತಿ ಕೊಟ್ಟರು. ಸರಾಸರಿ ನೋಡಿದರೆ ಅವರ ದಮ್ಮು 20ರ ಹರೆಯದ ಮಟ್ಟಕ್ಕೆ ವಾಪಸ್ ಬಂದಿತ್ತು.

ಬೆನ್ನುನೋವಿಗೆ ಬರೋಣ. 1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ, ದಿಢೀರ್ ಬೆನ್ನು ಹಿಡಿದುಕೊಂಡ ನೌಕರರನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಎರಡು ದಿನ ಪೂರ್ತಿ ರೆಸ್ಟ್. ಇನ್ನೊಂದಕ್ಕೆ ಬೆನ್ನಿನ ವ್ಯಾಯಾಮ. ಮೂರನೆಯದಕ್ಕೆ, ನೋವು ಬಿಟ್ಟಷ್ಟು ನಿಮ್ಮ ದಿನನಿತ್ಯದ ಕೆಲಸ ಮಾಡಿಕೊಂಡಿರಿ ಅಂದರು, ಅಷ್ಟೇ. ಎಲ್ಲರಿಗಿಂತ ಚೆನ್ನಾಗಿ ಸುಧಾರಿಸಿದ್ದು ಮೂರನೇ ಗುಂಪು. ನಿಧಾನವಾಗಿ ಸುಧಾರಿಸಿದ್ದು ಮಲಗಿದವರು. ಇದನ್ನು ಬೇಕಂತಲೇ ಹೇಳುತ್ತಿದ್ದೇನೆ. ವ್ಯಾಯಾಮದ ಪರ ಮಾತಾಡುವ ನಾನು ಇದನ್ನು ಮುಚ್ಚಿಡಬಾರದು. ಶುರುವಿನ ದಿನಗಳಲ್ಲಿ ಲೆಕ್ಕ ಹಾಕಿ ಮಾಡುವ ವ್ಯಾಯಾಮಕ್ಕಿಂತ ಸಹಜವಾದ ಓಡಾಟವೇ ಒಳ್ಳೆಯದಿರಬಹುದು. ಯಾವಾಗ ಯಾವುದು ಅಂತ ಗುರುತಿಸುವುದೇ ನಮ್ಮ ಕಸುಬು.

ಇನ್ನು ಮಂಡಿ. ಇಲ್ಲಿ ನನಗೆ ‘ಸವೆದಿದೆ’ ಅನ್ನುವ ಪದದ ಮೇಲೆ ದೊಡ್ಡ ತಕರಾರಿದೆ. ‘ನಿಮ್ಮ ಮಂಡಿ ಸವೆದುಹೋಗಿದೆ’ ಅಂದುಬಿಟ್ಟರೆ ಕೇಳಿದವರ ತಲೆಯಲ್ಲಿ ಬರುವುದು ಚಪ್ಪಲಿ, ಟೈರು. ಸವೆದದ್ದನ್ನು ಇನ್ನಷ್ಟು ಬಳಸಿದರೆ ಇನ್ನಷ್ಟು ಸವೆಯುತ್ತದೆ. ಅದಕ್ಕೆ ನಡಿಗೆ ನಿಲ್ಲಿಸುತ್ತಾರೆ, ಮೆಟ್ಟಿಲು ಬಿಡುತ್ತಾರೆ, ತೊಡೆ ಬಡವಾಗುತ್ತದೆ. ಕೀಲನ್ನು ಹಿಡಿದುಕೊಳ್ಳಬೇಕಾದ ಸ್ನಾಯುವೇ ಸೋತ ಮೇಲೆ ನೋವು ಏರುತ್ತದೆ. ‘ನೋಡಿ, ಇನ್ನೂ ಸವೀತು’ ಅನ್ನುತ್ತಾರೆ. ಮಂಡಿಯ ಕಾರ್ಟಿಲೇಜ್, ಅಂದರೆ ಮೂಳೆಯ ತುದಿಗಿರುವ ನುಣುಪಾದ ಹೊದಿಕೆ, ಟೈರಿನಂತಲ್ಲ. ಅದರೊಳಗೆ ರಕ್ತನಾಳ ಇಲ್ಲ. ಕಾಲಿನ ಮೇಲೆ ಭಾರ ಬಿದ್ದಾಗ ಸ್ಪಂಜಿನ ಹಾಗೆ ಅದು ಅದುಮಿಕೊಳ್ಳುತ್ತದೆ, ಭಾರ ಇಳಿದಾಗ ಕೀಲಿನ ದ್ರವವನ್ನು ಹೀರಿಕೊಳ್ಳುತ್ತದೆ. ಅದರ ಪೋಷಣೆ ನಡೆಯುವುದೇ ಹೀಗೆ. ಚಲನೆ ನಿಲ್ಲಿಸಿದರೆ ಆ ಪೋಷಣೆಗೂ ಕುತ್ತು. ಎಕ್ಸ್‌ರೇ ನೋಡಲು ಭಯ ಹುಟ್ಟಿಸುವ ಹಾಗಿದ್ದರೂ ಆರಾಮಾಗಿ ಓಡಾಡುವವರನ್ನು ನಾನು ವಾರ ವಾರ ನೋಡುತ್ತೇನೆ.

ಅಂಥ ಮಂಡಿಯ ಒಬ್ಬ ಅಮ್ಮ ಬಂದರು. ಅವರಿಗೆ ಬೇಕಿದ್ದದ್ದು ಇಷ್ಟೇ. ಮಗಳು ಎರಡನೇ ಮಹಡಿಯಲ್ಲಿದ್ದಾಳೆ, ಲಿಫ್ಟ್ ಇಲ್ಲ, ಮೊಮ್ಮಗುವನ್ನು ನೋಡಲು ಹತ್ತಿ ಹೋಗಬೇಕು. ಮೊದಲ ದಿನ ಕುರ್ಚಿಯ ಮೇಲೆ ಎರಡು ದಿಂಬು ಇಟ್ಟು ಎತ್ತರ ಮಾಡಿದೆ. ಅಲ್ಲಿಂದ ಕೈ ಊರದೆ ಏಳಬೇಕು. ಆರನೇ ಸಲಕ್ಕೆ ಸೋತರು. ಸರಿ, ಅವರ ಡೋಸ್ ಐದು. ಐದರಂತೆ ಮೂರು ಸುತ್ತು, ನಡುವೆ ಎರಡು ನಿಮಿಷ ವಿಶ್ರಾಂತಿ, ದಿನ ಬಿಟ್ಟು ದಿನ.

‘ಡಾಕ್ಟ್ರೇ, ನೋಯುತ್ತೆ. ಮುಂದುವರಿಸಲಾ?’

‘ಹತ್ತರಲ್ಲಿ ಎಷ್ಟು ನೋವಮ್ಮಾ?’

‘ಮೂರು ಇರಬಹುದು.’

‘ನಾಳೆ ಬೆಳಿಗ್ಗೆ ಎದ್ದಾಗ ಇವತ್ತಿನ ಹಾಗೇ ಇದ್ದರೆ ಈ ಡೋಸ್ ಸರಿ ಇದೆ ಅಂತ. ಇವತ್ತಿಗಿಂತ ಜಾಸ್ತಿ ಇದ್ದರೆ ಫೋನ್ ಮಾಡಿ, ಕಮ್ಮಿ ಮಾಡೋಣ. ನಿಲ್ಲಿಸೋದು ಬೇಡ.’

ಈ ನಾಲ್ಕು ಮಾತು ಯಾವ ಮಷಿನ್‌ಗಿಂತ ಹೆಚ್ಚು ಕೆಲಸ ಮಾಡುತ್ತದೆ ಅಂತ ನಾನು ನಂಬುತ್ತೇನೆ. ನೋವು ಬಂತು ಅಂದರೆ ಒಳಗೆ ಏನೋ ಹರಿಯಿತು ಅಂತ ಅವರು ತಿಳಿದಿದ್ದರು. ನೋವಿಗೂ ಒಂದು ಅಳತೆ ಇದೆ, ಅದರ ಮೇಲೆ ತನಗೂ ಹಿಡಿತ ಇದೆ ಅಂತ ಗೊತ್ತಾದ ಮೇಲೆ ಅವರ ಮುಖವೇ ಬೇರೆ ಆಯಿತು. ಎರಡು ವಾರಕ್ಕೆ ಒಂದು ದಿಂಬು ತೆಗೆದೆವು. ಇನ್ನೆರಡು ವಾರಕ್ಕೆ ಇನ್ನೊಂದು. ಆಮೇಲೆ ಎದೆಗೆ ಒಂದು ಚೀಲ ಅಪ್ಪಿಕೊಂಡು ಏಳುವುದು, ಚೀಲದಲ್ಲಿ ಪುಸ್ತಕ. ಹತ್ತನೇ ವಾರ ಒಂದು ಸಂಜೆ ಮಗಳ ಮನೆಯಿಂದಲೇ ಫೋನ್ ಮಾಡಿದರು. ಮಗು ಪಕ್ಕದಲ್ಲಿ ಕಿರುಚುತ್ತಿತ್ತು, ಏನೂ ಸರಿಯಾಗಿ ಕೇಳಿಸಲಿಲ್ಲ.

ವಯಸ್ಸಾಯಿತು, ಇನ್ನೇನು ಬಲ ಬರುತ್ತೆ ಅನ್ನುವವರಿಗೆ ನಾನು ಹೇಳುವುದು 1990ರ ಒಂದು ಅಧ್ಯಯನವನ್ನು. ಅಮೆರಿಕದ ಒಂದು ವೃದ್ಧಾಶ್ರಮದಲ್ಲಿ 86ರಿಂದ 96 ವರ್ಷದ ಹತ್ತು ಜನ. ಡಾಕ್ಟರ್ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ಅವರಿಗೆ ಎಂಟು ವಾರ ಕಾಲಿಗೆ ಭಾರ ಎತ್ತಿಸಿದರು, ಅದೂ ಹಗುರವಾದ ಭಾರವಲ್ಲ. ಮುಗಿಸಿದವರ ತೊಡೆಯ ಬಲ ಸರಾಸರಿ ಶೇಕಡ 174ರಷ್ಟು ಏರಿತ್ತು. 96! ಆ ವಯಸ್ಸಿನಲ್ಲೂ ಸ್ನಾಯು ಕೇಳಿಸಿಕೊಳ್ಳುತ್ತದೆ. ಆದರೆ ಬಿಟ್ಟ ಮೇಲೆ ಕೆಲವೇ ವಾರಗಳಲ್ಲಿ ಬಲ ಇಳಿಯತೊಡಗಿತು ಅನ್ನುವುದನ್ನೂ ಸೇರಿಸಿಯೇ ಹೇಳುತ್ತೇನೆ.

ಇನ್ನೊಂದು ಮಾತು. ಮಂಡಿ ನೋವು ಅಂತ ಬಂದವರಿಗೆ ಎಷ್ಟೋ ಸಲ ಶುಗರ್ ಇರುತ್ತದೆ, ಬಿಪಿ ಇರುತ್ತದೆ, ನಿದ್ದೆ ಸರಿ ಇರುವುದಿಲ್ಲ. ನಾವು ಮಂಡಿಯನ್ನಷ್ಟೇ ನೋಡಿ ಕಳಿಸುತ್ತೇವೆ. ಕೆಲಸ ಮಾಡುವ ಸ್ನಾಯು ಇನ್ಸುಲಿನ್ ನೆರವಿಲ್ಲದೆಯೂ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ಮಂಡಿಗಾಗಿ ನಡೆದ ನಡಿಗೆ ಶುಗರ್‌ಗೂ ಲೆಕ್ಕಕ್ಕೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು, ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಸ್ವಲ್ಪ ಉಸಿರೇರುವಂಥ ಚಟುವಟಿಕೆ, ಜೊತೆಗೆ ಎರಡು ದಿನವಾದರೂ ಬಲದ ವ್ಯಾಯಾಮ. ನೋವಿರುವವರಿಗೆ ಇದನ್ನು ಮೊದಲ ದಿನವೇ ಹೇಳಿದರೆ ಓಡಿಹೋಗುತ್ತಾರೆ. ಐದು ನಿಮಿಷದಿಂದ ಶುರು ಮಾಡಿಸಬೇಕು. ಆದರೆ ನೀವು ದಿನಕ್ಕೆ ಎಷ್ಟು ನಡೆಯುತ್ತೀರಿ ಅಂತ ಕೇಳದ ಫಿಸಿಯೋ ಅರ್ಧ ಕೆಲಸ ಮಾಡಿದ ಹಾಗೆ. ಬಿಪಿ ನೋಡುವಷ್ಟೇ ಸಹಜವಾಗಿ ಈ ಪ್ರಶ್ನೆ ಬರಬೇಕು.

ಎಲ್ಲದಕ್ಕೂ ವ್ಯಾಯಾಮವೇ ಮದ್ದು ಅಂತಲೂ ನಾನು ಹೇಳುತ್ತಿಲ್ಲ. ಬೆನ್ನುನೋವಿನ ಜೊತೆ ಮೂತ್ರದ ಹಿಡಿತ ತಪ್ಪಿದರೆ, ಎರಡೂ ಕಾಲು ಜೋಮು ಹಿಡಿದರೆ, ಜ್ವರ ಇದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ನಡೆದಾಗ ಎದೆ ಹಿಡಿದುಕೊಂಡರೆ ಮೊದಲು ಡಾಕ್ಟರ ಹತ್ತಿರ ಹೋಗಿ. ಫೋನಿನಲ್ಲಿ ವಿಡಿಯೋ ನೋಡಿಕೊಂಡು ಮಾಡುವ ಹೊತ್ತು ಅದಲ್ಲ.

‘ಪೇಷೆಂಟ್‌ಗಳು ಮನೆಯಲ್ಲಿ ಮಾಡೋದೇ ಇಲ್ಲ, ಸೋಮಾರಿಗಳು’ ಅಂತ ನಮ್ಮವರು ಗೊಣಗುವುದು ಕೇಳಿದಾಗ ನನಗೆ ನೋವಾಗುತ್ತದೆ. ಎಂಟು ವ್ಯಾಯಾಮ ಬರೆದುಕೊಟ್ಟರೆ ಯಾರು ಮಾಡುತ್ತಾರೆ? ನಾನೂ ಮಾಡುವುದಿಲ್ಲ. ಎರಡು ಕೊಡಿ. ಯಾವ ಹೊತ್ತಿಗೆ, ಯಾವ ಕುರ್ಚಿಯಲ್ಲಿ ಅಂತ ಕೂತು ಮಾತಾಡಿ. ಹಲ್ಲುಜ್ಜುವಾಗ ಬೇಸಿನ್ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದಾದರೆ ಅದಕ್ಕೆ ಬೇರೆ ಸಮಯವೇ ಬೇಡ. ಮುಂದಿನ ಸಲ ಬಂದಾಗ ‘ಮಾಡಿದ್ರಾ?’ ಅಂತ ಗದರಿಸುವ ಬದಲು ‘ಎಲ್ಲಿ ಕಷ್ಟ ಆಯ್ತು?’ ಅಂತ ಕೇಳಿ. ಉತ್ತರದಲ್ಲೇ ಮುಂದಿನ ಡೋಸ್ ಇರುತ್ತದೆ.

ಈಗ ನನ್ನ ಹತ್ತಿರ ಮತ್ತೊಬ್ಬ ಹಿರಿಯರು ಬರುತ್ತಿದ್ದಾರೆ. ಅದೇ ಸೊಂಟದ ಮೂಳೆ, ಅದೇ ಆಪರೇಷನ್. ಮರುದಿನವೇ ಎಬ್ಬಿಸಿ ನಿಲ್ಲಿಸಿದೆವು. ಅವರ ಹೆಂಡತಿ ಹೆದರಿ ನನ್ನ ಕೈ ಹಿಡಿದುಕೊಂಡಿದ್ದರು. ನನಗೂ ಒಳಗೆ ಭಯ ಇತ್ತು, ಇಲ್ಲ ಅನ್ನಲಾರೆ. ಈಗ ಐದನೇ ವಾರ. ಮೊನ್ನೆ ರೇಲಿಂಗ್ ಹಿಡಿದು ನಾಲ್ಕು ಮೆಟ್ಟಿಲು ಹತ್ತಿ, ಇಳಿದು, ಬೆವರು ಒರೆಸಿಕೊಂಡು ‘ಇಷ್ಟೇನಾ?’ ಅಂತ ಕೇಳಿದರು. ನಾಳೆ ಹನ್ನೊಂದು ಗಂಟೆಗೆ ಬರುತ್ತಾರೆ. ಆರು ಮೆಟ್ಟಿಲು ಅಂತ ಬರೆದಿಟ್ಟಿದ್ದೇನೆ.